ಮೊದಿಲ್ಯಾನಿಯ ನಗ್ನೆ: ತಪ್ಪು ಕಲ್ಪನೆ ಮತ್ತು ವಾಸ್ತವ

ಕಣ್ಣು ಮುಚ್ಚಿ, ತಲೆ ವಾಲಿಸಿ ಕೂತ ಬೆತ್ತಲೆ ಹೆಣ್ಣು. ಅಮೆದಿಯೊ ಮೊದಿಲ್ಯಾನಿ 1916ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಬರೆದ ಈ ತೈಲಚಿತ್ರ ಈಗ ಲಂಡನ್ನಿನ ಕೋರ್ಟೋಲ್ಡ್ ಗ್ಯಾಲರಿಯಲ್ಲಿದೆ. ಎತ್ತರ ಒಂದು ಮೀಟರೂ ಇಲ್ಲ. ಚಿತ್ರಕ್ಕಿಂತ ಮೊದಲು ನಮಗೆ ಸಿಕ್ಕಿದ್ದು ಅದರ ಸುತ್ತಲಿನ ಕಥೆಗಳು. ಬಹುಕಾಲ ನಾವೂ ಅವನ್ನೇ ನಂಬಿದ್ದೆವು.

ಕಲಾವಿದನಿಗೆ ದೃಷ್ಟಿದೋಷವಿತ್ತು, ಅದಕ್ಕೇ ಮುಖ, ಕತ್ತು ಉದ್ದವಾದವು ಎಂಬುದು ಮೊದಲನೆಯದು.

ವಾಸ್ತವ: ಉದ್ದ ಮೈಗಳನ್ನು ಬರೆದ ಚಿತ್ರಕಾರ ಎಲ್ ಗ್ರೆಕೊನಿಗೂ ಇದೇ ರೋಗ ಅಂಟಿಸಿದ್ದಾರೆ! ಎದುರಿಗಿನ ಹೆಣ್ಣು ಉದ್ದವಾಗಿ ಕಂಡರೆ, ಕ್ಯಾನ್ವಾಸಿನ ಗೆರೆಯೂ ಅದೇ ಕಣ್ಣಿಗೆ ಅಷ್ಟೇ ಉದ್ದವಾಗಿ ಕಾಣಬೇಕಲ್ಲ? ಎರಡನ್ನೂ ಹೊಂದಿಸಿ ಬರೆದರೆ ನಮಗೆ ಸಿಗುವುದು ಸಹಜ ಅಳತೆಯ ಚಿತ್ರವೇ. ನಿಜವಾದ ಕಾರಣ ಕಲ್ಲು. 1909ರ ಹೊತ್ತಿಗೆ ಶಿಲ್ಪಿ ಬ್ರಾಂಕುಸಿಯ ಒಡನಾಟದಲ್ಲಿ ಆತ ಶಿಲ್ಪಕ್ಕೆ ಇಳಿದ, ಕೆಲವು ವರ್ಷ ತಲೆಗಳನ್ನೇ ಕೆತ್ತಿದ. ಆಫ್ರಿಕದ ಮುಖವಾಡಗಳನ್ನೂ ಕಾಂಬೋಡಿಯಾದ ಶಿಲ್ಪಗಳನ್ನೂ ಕಣ್ತುಂಬ ನೋಡಿದ್ದ. ನೀಳ ಮೂಗು, ಬಾದಾಮಿ ಕಣ್ಣು ಕಲ್ಲಿನಿಂದ ಬಣ್ಣಕ್ಕೆ ಬಂದವು.

ಕುಡಿದ ಅಮಲಿನಲ್ಲಿ ಗೀಚಿದ ಚಿತ್ರಗಳಿವು, ಕುಡಿತವೇ ಅವನನ್ನು ಕೊಂದಿತು ಎನ್ನುವವರೂ ಇದ್ದಾರೆ.

ವಾಸ್ತವ: ಕುಡಿಯುತ್ತಿದ್ದ, ಸುಳ್ಳಲ್ಲ. ಆದರೆ 1920ರ ಜನವರಿಯಲ್ಲಿ, 35ನೇ ವಯಸ್ಸಿಗೇ ಅವನನ್ನು ಒಯ್ದದ್ದು ಮಿದುಳಿನ ಪೊರೆಗೆ ತಗುಲಿದ ಕ್ಷಯ. ಇನ್ನು ಗೀಚಿದ್ದು? ಹತ್ತಿರದಿಂದ ನೋಡಿ: ಹಸಿ ಬಣ್ಣವನ್ನು ಕೆರೆದು ಕೂದಲಿನ ಎಳೆ ತೆಗೆದಿದ್ದಾನೆ. ಬಣ್ಣ ಒಣಗುವ ಮೊದಲೇ, ತಪ್ಪದೆ ಮಾಡಬೇಕಾದ ಕೆಲಸ ಅದು.

ಬೆತ್ತಲೆ ಕೂತವರೆಲ್ಲ ಅವನ ಪ್ರೇಯಸಿಯರು ಎಂಬ ಊಹೆ.

ವಾಸ್ತವ: ಅದು ಕೂಲಿಯ ಕೆಲಸ. ಚಿತ್ರವ್ಯಾಪಾರಿ ಝ್ಬೊರೋವ್‌ಸ್ಕಿ ರೂಪದರ್ಶಿಗೆ ಐದು ಫ್ರಾಂಕ್ ಕೊಡುತ್ತಿದ್ದ. ಕಾರ್ಖಾನೆಯ ಹೆಣ್ಣಾಳಿನ ದಿನಗೂಲಿಗಿಂತ ಅದು ಹೆಚ್ಚು.

ಕೊನೆಯದು, ಬೆತ್ತಲೆ ಚಿತ್ರ ಕಂಡೊಡನೆ ಪ್ಯಾರಿಸ್ ಪೊಲೀಸರು ಬೆಚ್ಚಿಬಿದ್ದರು ಎಂಬ ಕಥೆ.

ವಾಸ್ತವ: 1917ರ ಡಿಸೆಂಬರಿನಲ್ಲಿ ಬೆರ್ತ್ ವೇಲ್ ಎಂಬಾಕೆಯ ಗ್ಯಾಲರಿಯಲ್ಲಿ ಮೊದಿಲ್ಯಾನಿಯ ಪ್ರದರ್ಶನ ನಡೆಯಿತು. ಬದುಕಿದ್ದಾಗ ಅವನ ಕೃತಿಗಳಿಗಷ್ಟೇ ಮೀಸಲಾಗಿ ನಡೆದದ್ದು ಅದೊಂದೇ. ಎದುರಿಗೇ ಪೊಲೀಸ್ ಠಾಣೆ. ಗ್ಯಾಲರಿಯ ಕಿಟಕಿಯ ಮುಂದೆ ಜನ ಮುತ್ತಿದರು. ನಗ್ನಚಿತ್ರಗಳನ್ನು ಇಳಿಸಿ ಎಂದು ಅಧಿಕಾರಿಯ ಅಪ್ಪಣೆಯಾಯಿತು. ಆದರೆ ಬೆತ್ತಲೆ ಅದೇ ಊರಿನ ವಸ್ತುಸಂಗ್ರಹಾಲಯ ಲೂವ್ರ್‌ನಲ್ಲಿ ಬೇಕಾದಷ್ಟಿತ್ತು, ಅಲ್ಲಿಗೆ ಯಾವ ಪೊಲೀಸನೂ ಹೋಗಲಿಲ್ಲ. ಅಧಿಕಾರಿಯ ತಕರಾರು ಮೈಗೂದಲಿನದು. ಲೂವ್ರ್‌ನ ಅಮೃತಶಿಲೆಯ ದೇವತೆಯರಿಗೆ ಅದಿರಲಿಲ್ಲ. ಈ ಕೂತ ಹೆಣ್ಣಿಗೆ ಇದೆ.