ಮುಂದಿನ ಗಾಲಿ ನೆಲ ಬಿಡದಂತೆ

ದೂರಪಯಣದ ಬೈಕಿನ ಮುಂದಿನ ಶಾಕ್ ಇಂದಿನ ರೂಪಕ್ಕೆ ಬಂದದ್ದು ಹೇಗೆ? ಯಾದಗಿರಿ ಸೀಮೆಯ ರಸ್ತೆಗೆ ಅದರಲ್ಲಿ ಯಾವುದು ಬೇಕು?

ಬಳಿಚಕ್ರದಿಂದ ಯಾದಗಿರಿ, ಅಲ್ಲಿಂದ ಭೀಮೆ ದಾಟಿ ಶಹಾಪುರ, ಮುಂದೆ ಸುರಪುರ. ಒಂದು ಬೆಳಗಿನ ಈ ಸವಾರಿಯಲ್ಲೇ ಬೈಕಿನ ಮುಂದಿನ ಗಾಲಿ ಹಲವು ಬಗೆಯ ನೆಲ ಕಾಣುತ್ತದೆ. ಬಂಡೆಗುಡ್ಡಗಳ ನಡುವಿನ ಮಸಾರಿ ಹೊಲ ಒಂದು ಕಡೆ, ಕಾಲುವೆ ನೀರಿನ ಎರೆಭೂಮಿ ಇನ್ನೊಂದು ಕಡೆ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕುಗ್ಗುತ್ತದೆ. ಅದರ ಮೇಲೆ ಹಾಸಿದ ಡಾಂಬರು ನಾಲ್ಕು ಮಳೆಗಾಲ ಕಳೆಯುವುದರೊಳಗೆ ಅಲೆಅಲೆಯಾಗುತ್ತದೆ. ಭತ್ತದ ಗದ್ದೆಯಿಂದ ಕಬ್ಬಿಣದ ಕೇಜ್ ವೀಲ್ ಬಿಚ್ಚದೆಯೇ ಮೇಲೆ ಬಂದ ಟ್ರ್ಯಾಕ್ಟರ್ ಅದೇ ಡಾಂಬರನ್ನು ಕೊರೆಯುತ್ತದೆ. ಕೊರೆದ ಜಾಗದಲ್ಲಿ ನೀರು ನಿಂತು, ಅಂಚು ಚೂಪಾದ ತೆಗ್ಗು ಬೀಳುತ್ತದೆ.

ಅಲೆಯ ಮೇಲೆ ಬೈಕು ನಿಧಾನಕ್ಕೆ ಏಳುತ್ತದೆ, ಇಳಿಯುತ್ತದೆ. ತೆಗ್ಗಿನ ಅಂಚು ಕಣ್ಣು ಮಿಟುಕಿಸುವುದರೊಳಗೆ ಗಾಲಿಯನ್ನು ಮೇಲಕ್ಕೆ ಒದೆಯುತ್ತದೆ. ಈ ಎರಡನ್ನೂ ಒಂದೇ ಶಾಕ್ ತಾಳಬೇಕು. ಮೋಟಾರ್‌ಸೈಕಲ್ಲಿನ ಮುಂಭಾಗ ನೂರು ವರ್ಷಗಳಲ್ಲಿ ಬದಲಾಗಿ ಬಂದಿರುವುದು ಬಹುಮಟ್ಟಿಗೆ ಈ ಒಂದು ಸವಾಲಿನ ಸುತ್ತಲೇ. ಈ ಹಾದಿ ತಿಳಿದವರು ತಮ್ಮ ಬೈಕಿನ ಶಾಕ್ ಸುಧಾರಿಸಲು ಹೊರಟಾಗ ದುಡ್ಡನ್ನು ತಕ್ಕ ಜಾಗದಲ್ಲೇ ಹಾಕುತ್ತಾರೆ.

ಮೊದಲು ಸ್ಪ್ರಿಂಗು, ಆಮೇಲೆ ಎಣ್ಣೆ

ಆರಂಭದ ಮೋಟಾರ್‌ಸೈಕಲ್ ಎಂದರೆ ಎಂಜಿನ್ ಕೂರಿಸಿದ ಸೈಕಲ್ಲು. ಮುಂದಿನ ಗಾಲಿಗೆ ಏನಿದ್ದರೂ ಗಟ್ಟಿ ಕವೆ, ಅಂದರೆ ಫೋರ್ಕ್. ಕೈ ಮರಗಟ್ಟುವುದನ್ನು ತಪ್ಪಿಸಲು ಬಂದದ್ದು ಗರ್ಡರ್ ಫೋರ್ಕ್. ಕವೆಯನ್ನು ಸಣ್ಣ ಕೊಂಡಿಗಳಿಂದ ತೂಗುಹಾಕಿ, ನಡುವೆ ಸ್ಪ್ರಿಂಗು ಕೂರಿಸುತ್ತಿದ್ದರು. ಕುಣಿತ ನಿಲ್ಲಿಸಲು ಒಂದಕ್ಕೊಂದು ಉಜ್ಜುವ ಬಿಲ್ಲೆಗಳು, ಅವುಗಳನ್ನು ಬಿಗಿ ಮಾಡಲು ಒಂದು ತಿರುಪು. ಮಳೆ ಬಂದು ಬಿಲ್ಲೆ ತೊಯ್ದರೆ ಹಿಡಿತವೇ ಬದಲಾಗುತ್ತಿತ್ತು.

ಇಂಗ್ಲೆಂಡಿನ ಯಾರ್ಕ್‌ಷೈರಿನ ಆಲ್ಫ್ರೆಡ್ ಆಂಗಸ್ ಸ್ಕಾಟ್ 1908ರಷ್ಟು ಹಿಂದೆಯೇ ಕೊಳವೆಯೊಳಗೆ ಕೊಳವೆ ಜಾರುವ ಟೆಲಿಸ್ಕೋಪಿಕ್ ಫೋರ್ಕನ್ನು ತಮ್ಮ ಬೈಕಿಗೆ ಹಾಕಿದರು. ಡೆನ್ಮಾರ್ಕಿನ ನಿಂಬಸ್ 1934ರಲ್ಲಿ ಅದೇ ದಾರಿ ಹಿಡಿಯಿತು. ಮರುವರ್ಷ, 1935ರಲ್ಲಿ, ಜರ್ಮನಿಯ ಬಿಎಂಡಬ್ಲ್ಯು ತನ್ನ ಆರ್12 ಮತ್ತು ಆರ್17 ಬೈಕುಗಳ ಕೊಳವೆಯೊಳಗೆ ಎಣ್ಣೆ ತುಂಬಿತು. ದೊಡ್ಡ ತಿರುವು ಇದೇ. ಸ್ಪ್ರಿಂಗು ಏಟನ್ನು ನುಂಗಿ ಹಾಗೆಯೇ ವಾಪಸ್ ಕೊಡುತ್ತದೆ. ಸಣ್ಣ ತೂತಿನಲ್ಲಿ ನುಸುಳುವ ಎಣ್ಣೆಯಾದರೆ ಆ ಶಕ್ತಿಯನ್ನು ಶಾಖವಾಗಿಸಿ ಕರಗಿಸಿಬಿಡುತ್ತದೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯದ ಮ್ಯಾಚ್‌ಲೆಸ್ ಬೈಕುಗಳಿಗೂ ಎಣ್ಣೆಯ ಫೋರ್ಕ್ ಬಂತು. ಯುದ್ಧ ಮುಗಿಯುವ ಹೊತ್ತಿಗೆ ಗರ್ಡರ್ ಹಳೆಯ ಕಾಲದ ವಸ್ತುವಾಗಿತ್ತು.

ಮೈಸೂರಿನ ಜಾವಾ, ನೂರು ಸಿ.ಸಿ.ಯ ಅಲೆ

ನಮ್ಮ ದೇಶದಲ್ಲಿ ಈ ಫೋರ್ಕ್ ಬುಲೆಟ್ ಬೈಕಿನ ಜೊತೆ ಹರಡಿತು. 1955ರಲ್ಲಿ ಆ ಬೈಕಿನ ಇಂಗ್ಲಿಷ್ ಕಂಪನಿ ಮದ್ರಾಸ್ ಮೋಟಾರ್ಸ್ ಜೊತೆಗೂಡಿ ಎನ್‌ಫೀಲ್ಡ್ ಇಂಡಿಯಾ ಶುರುಮಾಡಿತು. ಕರ್ನಾಟಕದ ಸರದಿ 1961ರಲ್ಲಿ. ರುಸ್ತುಂ ಮತ್ತು ಫರ್ರೋಖ್ ಇರಾನಿ ಕಟ್ಟಿದ ಐಡಿಯಲ್ ಜಾವಾ, ಚೆಕೊಸ್ಲೊವಾಕಿಯಾದ ಜಾವಾ ಬೈಕನ್ನು ಮೈಸೂರಿನಲ್ಲಿ ತಯಾರಿಸತೊಡಗಿತು. ಮುಂದೆ ಯೆಜ್ಡಿ ಎಂಬ ಹೆಸರಿನಲ್ಲಿ ಅದೇ ಕಾರ್ಖಾನೆಯ ಬೈಕುಗಳು ನಾಡಿನ ಮೂಲೆಮೂಲೆ ಸೇರಿದವು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ಜೇವರ್ಗಿಯಿಂದ ಶಹಾಪುರ, ಸುರಪುರ, ಲಿಂಗಸುಗೂರು, ಬಳ್ಳಾರಿ ಹಾದು ದಕ್ಷಿಣಕ್ಕೆ ಇಳಿಯುವ ಇಂದಿನ ರಾಷ್ಟ್ರೀಯ ಹೆದ್ದಾರಿ 150ಎ ಅದೇ ಮೈಸೂರನ್ನು ಮುಟ್ಟಿ ಚಾಮರಾಜನಗರಕ್ಕೆ ಸಾಗುತ್ತದೆ. ರಾಜ್ಯದ ಉದ್ದಕ್ಕೂ ಬೈಕಿನಲ್ಲಿ ಹೋಗಬೇಕೆನ್ನುವವರಿಗೆ ಇದಕ್ಕಿಂತ ನೇರವಾದ ದಾರಿ ಬೇರೆ ಸಿಗದು.

1980ರ ದಶಕದ ನಡುವೆ ಹೀರೊ ಹೋಂಡಾ ಸಿ.ಡಿ.100, ಯಮಹಾ ಆರ್.ಎಕ್ಸ್.100 ಬಂದವು. ಹಗುರ ಗಾಡಿ, ಕಡಿಮೆ ಪೆಟ್ರೋಲು, ತೆಳ್ಳನೆಯ ಫೋರ್ಕ್. ಊರಿನಿಂದ ಸಂತೆಗೆ, ಹೊಲದಿಂದ ಮನೆಗೆ ಅಷ್ಟು ಸಾಕಾಗಿತ್ತು. ಒಳಗಿದ್ದದ್ದು ಡ್ಯಾಂಪರ್ ರಾಡ್ ಎಂಬ ಸರಳ ಏರ್ಪಾಟು: ಒಂದು ಕಡ್ಡಿ, ಅದರಲ್ಲಿ ಅಳತೆಯ ತೂತುಗಳು, ಸುತ್ತ ಎಣ್ಣೆ. ಇಂದಿಗೂ ನಮ್ಮ ಬಹುಪಾಲು ಬೈಕುಗಳೊಳಗೆ ಇರುವುದು ಇದೇ.

ತೂತಿನ ಮಿತಿ

ಮೈಲಾಪುರದ ಸಂಕ್ರಾಂತಿ ಜಾತ್ರೆಯಲ್ಲಿ ಜನ ನಿಧಾನಕ್ಕೆ ಬಂದರೆ ಗುಡಿಯ ಬಾಗಿಲು ಎಲ್ಲರನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ಒಮ್ಮೆಲೇ ನುಗ್ಗಿದರೆ ಅದೇ ಬಾಗಿಲಲ್ಲಿ ಕಟ್ಟಿಕೊಳ್ಳುತ್ತಾರೆ. ಡ್ಯಾಂಪರ್ ರಾಡಿನ ತೂತೂ ಹಾಗೆಯೇ. ಎಣ್ಣೆ ಹಾಯುವ ವೇಗ ಎರಡು ಪಟ್ಟಾದರೆ ತಡೆ ಸುಮಾರು ನಾಲ್ಕು ಪಟ್ಟಾಗುತ್ತದೆ. ಎರೆಯ ಅಲೆಯ ಮೇಲೆ ಫೋರ್ಕ್ ನಿಧಾನಕ್ಕೆ ಕುಸಿಯುವಾಗ ತಡೆಯೇ ಸಾಲದು. ಬ್ರೇಕ್ ಹಿಡಿದರೆ ಮೂತಿ ಮುಗ್ಗರಿಸುತ್ತದೆ, ಅಲೆ ದಾಟಿದ ಮೇಲೂ ಮುಂಭಾಗ ಒಲೆದಾಡುತ್ತದೆ. ತೆಗ್ಗಿನ ಚೂಪು ಅಂಚು ಬಡಿದಾಗ ಎಣ್ಣೆ ಹಾಯಲಾರದೆ ಫೋರ್ಕ್ ಕಬ್ಬಿಣದ ಕಡ್ಡಿಯಂತೆ ನಿಲ್ಲುತ್ತದೆ. ಏಟು ನೇರವಾಗಿ ಮಣಿಕಟ್ಟಿಗೆ ಬರುತ್ತದೆ, ಗಾಲಿ ನೆಲ ಬಿಡುತ್ತದೆ. ನೆಲ ಬಿಟ್ಟ ಗಾಲಿಗೆ ಬ್ರೇಕೂ ಇಲ್ಲ, ತಿರುವೂ ಇಲ್ಲ. ನಮ್ಮ ಸೀಮೆಯ ರಸ್ತೆ ಕೇಳುವ ಎರಡು ಕೆಲಸದಲ್ಲೂ ಈ ಏರ್ಪಾಟು ಸೋಲುತ್ತದೆ.

ಪರಿಹಾರ ಸಿಕ್ಕಿದ್ದು ರೇಸಿನ ಬೈಕುಗಳಲ್ಲಿ. ತೂತಿನ ಬಾಯಿಗೆ ತೆಳುವಾದ ಉಕ್ಕಿನ ಬಿಲ್ಲೆಗಳ ಅಟ್ಟಿ ಇಟ್ಟರು. ಎಣ್ಣೆ ಮೆಲ್ಲಗೆ ಒತ್ತಿದಾಗ ಬಿಲ್ಲೆಗಳು ಬಿಗಿಯಾಗಿ ತಡೆಯುತ್ತವೆ. ಜೋರಾಗಿ ಒತ್ತಿದಾಗ ಬಾಗಿ ದಾರಿ ಬಿಡುತ್ತವೆ. ಇದು ಕಾರ್ಟ್ರಿಡ್ಜ್ ಫೋರ್ಕ್. ಹಳೆಯ ಫೋರ್ಕಿಗೂ ಈ ಗುಣ ಬರಲೆಂದು, ಡ್ಯಾಂಪರ್ ರಾಡಿನ ತಲೆಯ ಮೇಲೆ ಸ್ಪ್ರಿಂಗಿನಡಿ ಕೂರುವ ಎಮ್ಯುಲೇಟರ್ ಎಂಬ ಕವಾಟವನ್ನು ಅಮೆರಿಕದ ರೇಸ್ ಟೆಕ್ ಕಂಪನಿ ತಯಾರಿಸಿತು.

ಇಂಥ ಫೋರ್ಕಿನ ಕಟ್ಟಕಡೆಯ ಪರೀಕ್ಷೆ ದೂರದ ಒರಟು ನೆಲದ ಓಟವಾದ ಡಾಕರ್ ರ್‍ಯಾಲಿ. 2015ರಲ್ಲಿ ಬೆಂಗಳೂರಿನ ಸಿ.ಎಸ್. ಸಂತೋಷ್ ಅದನ್ನು ಮುಗಿಸಿದ ಮೊದಲ ಭಾರತೀಯರಾದರು, 36ನೇ ಸ್ಥಾನ ಪಡೆದರು. ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ 37ನೆಯವರಾಗಿ ಮುಗಿಸಿದರು. ಅಂಥ ಬೈಕುಗಳ ಮುಂದಿನ ಗಾಲಿ ಮೇಲೆ ಕೆಳಗೆ ಸುಮಾರು 300 ಮಿ.ಮೀ. ಓಡಾಡುತ್ತದೆ.

ತಲೆಕೆಳಗಾದ ಫೋರ್ಕ್

2012ರಲ್ಲಿ ಕೆಟಿಎಂ 200 ಡ್ಯೂಕ್ ನಮ್ಮ ರಸ್ತೆಗೆ ಬಂದಾಗ ಹುಡುಗರ ಕಣ್ಣು ಮೊದಲು ಹೋದದ್ದು ಅದರ 43 ಮಿ.ಮೀ. ದಪ್ಪದ ಅಪ್‌ಸೈಡ್ ಡೌನ್ ಫೋರ್ಕಿಗೆ. ದಪ್ಪ ಕೊಳವೆ ಮೇಲೆ, ತೆಳು ಕೊಳವೆ ಕೆಳಗೆ. ಹ್ಯಾಂಡಲ್ ಬಳಿ ಹಿಡಿತ ಸಿಗುವುದು ದಪ್ಪ ಕೊಳವೆಗೆ. ಆದ್ದರಿಂದ ಜೋರಾಗಿ ಬ್ರೇಕ್ ಹಿಡಿದಾಗ ಬಾಗುವುದು ಕಡಿಮೆ. ಆಮೇಲೆ ದೂರಪಯಣದ ಬೈಕುಗಳೂ ಇದೇ ದಾರಿ ಹಿಡಿದವು. 2016ರ ಕೊನೆಗೆ ಬಂದ ಬಜಾಜ್ ಡಾಮಿನಾರ್‌ಗೆ ಮೊದಲು ಸಾದಾ ಫೋರ್ಕ್ ಇತ್ತು. 2019ರಲ್ಲಿ ಕಂಪನಿಯೇ ಅದನ್ನು ತೆಗೆದು ಅಪ್‌ಸೈಡ್ ಡೌನ್ ಫೋರ್ಕ್ ಕೊಟ್ಟಿತು. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 2016ರಲ್ಲಿ 41 ಮಿ.ಮೀ. ಸಾದಾ ಫೋರ್ಕಿನೊಡನೆ ಬಂತು. 2023ರ ಹೊಸ ಹಿಮಾಲಯನ್ 450ಕ್ಕೆ ಶೋವಾ ಕಂಪನಿಯ 43 ಮಿ.ಮೀ. ಅಪ್‌ಸೈಡ್ ಡೌನ್ ಫೋರ್ಕ್ ಸಿಕ್ಕಿತು.

ಇಲ್ಲೊಂದು ಅಂಶ ಗಮನಿಸಬೇಕು. ಹಿಮಾಲಯನ್‌ನ ಮುಂದಿನ ಗಾಲಿ ಓಡಾಡುವ ಅಳತೆ ಹಳೆಯದರಲ್ಲೂ ಹೊಸದರಲ್ಲೂ 200 ಮಿ.ಮೀ. ಸುಧಾರಣೆ ಆದದ್ದು ಕೊಳವೆಯ ಗಟ್ಟಿತನದಲ್ಲಿ, ಒಳಗಿನ ಹಿಡಿತದಲ್ಲಿ. ಕೆಲವು ಅಪ್‌ಸೈಡ್ ಡೌನ್ ಫೋರ್ಕುಗಳ ಹೊರಗಿನ ಚಿನ್ನದ ಬಣ್ಣ ಏನನ್ನೂ ಮಾಡುವುದಿಲ್ಲ. ಕೆಸರು, ಧೂಳಿನ ಊರುಗಳಲ್ಲಿ ಅಪ್‌ಸೈಡ್ ಡೌನ್ ಫೋರ್ಕಿಗೆ ಒಂದು ಅಪಾಯವೂ ಉಂಟು. ಅದರ ಆಯಿಲ್ ಸೀಲ್ ಇರುವುದು ಕೆಳಗೆ. ಒಣಗಿದ ಕೆಸರು ಸೀಲನ್ನು ಕೊರೆದರೆ ಎಣ್ಣೆ ಬ್ರೇಕ್ ಡಿಸ್ಕಿನ ಕಡೆಗೇ ಇಳಿಯುತ್ತದೆ. ಗದ್ದೆ ಬದಿಯ ರಸ್ತೆಯಲ್ಲಿ ಓಡಿಸಿದ ದಿನ ಆ ಹೊಳೆಯುವ ಕೊಳವೆಯನ್ನು ಒದ್ದೆ ಬಟ್ಟೆಯಿಂದ ಒರೆಸಿಡುವುದು ಒಳ್ಳೆಯದು.

ಬಿಚ್ಚಿದಾಗ ಕಾಣುವುದು

ಹಾಗಾದರೆ ಈಗಿರುವ ಬೈಕಿನ ಶಾಕ್ ಸುಧಾರಿಸುವುದು ಎಲ್ಲಿಂದ? ಒಂದು ಕೇಬಲ್ ಟೈಯಿಂದ. ಫೋರ್ಕಿನ ಹೊಳೆಯುವ ಕೊಳವೆಗೆ ಅದನ್ನು ಬಿಗಿದು, ಬೈಕನ್ನು ಎತ್ತಿ ಗಾಲಿ ತೂಗಬಿಟ್ಟು ಒಂದು ಅಳತೆ ತೆಗೆಯಿರಿ. ಹೆಲ್ಮೆಟ್, ಬ್ಯಾಗು ಸಮೇತ ಮೆಲ್ಲಗೆ ಕೂತು ಇನ್ನೊಂದು ಅಳತೆ ತೆಗೆಯಿರಿ. ಎರಡರ ವ್ಯತ್ಯಾಸಕ್ಕೆ ಸ್ಯಾಗ್ ಎನ್ನುತ್ತಾರೆ. ಗಾಲಿಯ ಒಟ್ಟು ಓಡಾಟದ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಇದ್ದರೆ ಸರಿ. ಹಿಮಾಲಯನ್‌ನಂಥ 200 ಮಿ.ಮೀ. ಓಡಾಟದ ಬೈಕಿಗೆ 50ರಿಂದ 65 ಮಿ.ಮೀ. ಅದಕ್ಕಿಂತ ಹೆಚ್ಚು ಕುಸಿದರೆ ಪ್ರೀಲೋಡ್, ಅಂದರೆ ಸ್ಪ್ರಿಂಗಿನ ಮುಂಬಿಗಿತ, ಏರಿಸಬೇಕು. ಅದಕ್ಕೂ ಬಗ್ಗದಿದ್ದರೆ ಸವಾರರ ತೂಕಕ್ಕೆ ತಕ್ಕ ಗಟ್ಟಿ ಸ್ಪ್ರಿಂಗು ಹಾಕಿಸಬೇಕು. ಹಿಂದೆ ಹೆಂಡತಿ, ಎರಡು ಪೆಟ್ಟಿಗೆ, ಡೇರೆ ಹೇರಿದಾಗ ಹಿಂಭಾಗ ಕುಸಿದು ಮುಂಭಾಗ ಹಗುರಾಗುತ್ತದೆ. ಆಗ ಹಿಂದಿನ ಪ್ರೀಲೋಡನ್ನು ಮೊದಲು ಸರಿಪಡಿಸದೆ ಮುಂದಿನದನ್ನು ಮುಟ್ಟಿ ಫಲವಿಲ್ಲ.

ಎರಡನೆಯದು ಎಣ್ಣೆ. ವರ್ಷಗಟ್ಟಲೆ ಮುಟ್ಟದ ಫೋರ್ಕನ್ನು ಗ್ಯಾರೇಜಿನಲ್ಲಿ ಬಗ್ಗಿಸಿ ಸುರಿದರೆ ಹೊರಬರುವುದು ಬೂದು ಬಣ್ಣದ, ನಾರುವ ದ್ರವ. ತಟ್ಟೆಯ ತಳದಲ್ಲಿ ಬೆರಳಿಗೆ ಮಿನುಗುವ ಲೋಹದ ಪುಡಿ ಹತ್ತುತ್ತದೆ. ಬುಶ್ ಸವೆದ ಗುರುತು ಅದು. ಒಳಗೆಲ್ಲ ತೊಳೆದು ಹೊಸ ಎಣ್ಣೆ ಹೊಯ್ದ ಮೇಲೆ, ಸ್ಪ್ರಿಂಗು ತೆಗೆದಿಟ್ಟು, ಫೋರ್ಕನ್ನು ಪೂರ್ತಿ ಕೆಳಗೆ ಒತ್ತಿ, ಕೊಳವೆಯ ಬಾಯಿಯಿಂದ ಎಣ್ಣೆಯ ಮಟ್ಟದವರೆಗೆ ಉಕ್ಕಿನ ಸ್ಕೇಲಿನಿಂದ ಅಳೆಯಬೇಕು. ಫೋರ್ಕಿನ ಎರಡೂ ಕಾಲಲ್ಲಿ ಒಂದೇ ಅಳತೆ ಇರಬೇಕು. ಎಣ್ಣೆಯ ಮೇಲೆ ಉಳಿದ ಗಾಳಿಯೂ ಒಂದು ಸ್ಪ್ರಿಂಗೇ. ಅಂದಾಜಿಗೆ ಲೋಟ ಲೆಕ್ಕದಲ್ಲಿ ಹೊಯ್ದರೆ ಒಂದು ಕಾಲು ಗಟ್ಟಿ, ಒಂದು ಕಾಲು ಮೆತ್ತಗೆ. ಅದೇ ಹೊತ್ತಿಗೆ ಹ್ಯಾಂಡಲ್ ತಿರುಗುವ ಬೇರಿಂಗನ್ನು, ಅಂದರೆ ಕೋನ್‌ಸೆಟ್, ನೋಡಿಸಿ. ಅದು ಸಡಿಲಾಗಿದ್ದರೆ ತಪ್ಪೆಲ್ಲ ಶಾಕ್‌ನದೆಂದೇ ಅನಿಸುತ್ತದೆ.

ಇಷ್ಟು ಮಾಡಿಯೂ ಸಾಲದೆನ್ನಿಸಿದರೆ ಎಮ್ಯುಲೇಟರ್ ಅಥವಾ ಕಾರ್ಟ್ರಿಡ್ಜ್. ಬೇರೆ ಬೈಕಿನ ಫೋರ್ಕ್ ಇಡಿಯಾಗಿ ತಂದು ಜೋಡಿಸುವ ಮಾತು ಬೇಡ. ಉದ್ದ, ಕೋನ ಬದಲಾದರೆ ಬೈಕಿನ ತಿರುಗುವ ಗುಣವೇ ಕೆಡುತ್ತದೆ. ಕಾನೂನಿನ ತೊಡಕೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂಥ ಮಾರ್ಪಾಟನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದಿದೆ.

ಬೈಕು ಮಾಡುವವರಿಗೂ ಒಂದು ಮಾತು ಹೇಳಬೇಕು. ಐವತ್ತು ಕಿಲೊ ತೂಗುವವರಿಗೂ ತೊಂಬತ್ತು ಕಿಲೊ ತೂಗುವವರಿಗೂ ಒಂದೇ ಸ್ಪ್ರಿಂಗು ಕೊಟ್ಟು ಕೈತೊಳೆದುಕೊಳ್ಳುವುದು ಸರಿಯಲ್ಲ. ಟಿವಿಎಸ್ 2021ರಲ್ಲಿ ಅಪಾಚೆ ಆರ್‌ಆರ್ 310ಕ್ಕೆ ಹೊಂದಿಸಿಕೊಳ್ಳಬಹುದಾದ ಮುಂದಿನ ಫೋರ್ಕನ್ನು ಕಾರ್ಖಾನೆಯಿಂದಲೇ ಕೊಡತೊಡಗಿತು. ಹೊಸೂರಿನಲ್ಲಿ ತಯಾರಾಗುವ ರೇಸ್ ಶೈಲಿಯ ಬೈಕಿಗೆ ಸಿಕ್ಕ ಈ ಸೌಲಭ್ಯ ಹೊರೆ ಹೊತ್ತು ದೂರ ಹೋಗುವ ಬೈಕಿಗೆ ಇನ್ನೂ ಹೆಚ್ಚು ಬೇಕು. ತೂಕಕ್ಕೆ ತಕ್ಕ ಸ್ಪ್ರಿಂಗು ಶೋರೂಮಿನಲ್ಲೇ ಸಿಗಬೇಕು. ತಾಲ್ಲೂಕು ಕೇಂದ್ರದ ಮೆಕ್ಯಾನಿಕ್‌ಗಳಿಗೆ ಎಣ್ಣೆಯ ಮಟ್ಟ, ಸ್ಯಾಗ್ ಅಳೆಯುವ ತರಬೇತಿ ಸಿಗಬೇಕು. ಯಾದಗಿರಿಯ ರಸ್ತೆ ಬೆಂಗಳೂರಿನ ರಸ್ತೆಗಿಂತ ಹೆಚ್ಚನ್ನು ಕೇಳುತ್ತದೆ. ಒಳ್ಳೆಯ ಮುಂದಿನ ಶಾಕ್ ಮೊದಲು ಬೇಕಾದದ್ದು ಇಲ್ಲಿನ ಸವಾರರಿಗೆ.