ನಕ್ಷತ್ರ ಗುರುತಿನ ಪಕ್ಷ: ಹದಿನೈದೇ ವರ್ಷಗಳ ಏಳುಬೀಳು

1967ರ ಸಾರ್ವತ್ರಿಕ ಚುನಾವಣೆ ಮುಗಿದಾಗ ಲೋಕಸಭೆಯಲ್ಲಿ ಕಾಂಗ್ರೆಸ್ ನಂತರದ ಅತಿ ದೊಡ್ಡ ಪಕ್ಷವಾಗಿ ನಿಂತದ್ದು ಸ್ವತಂತ್ರ ಪಕ್ಷ. ಅದಕ್ಕೆ 44 ಸ್ಥಾನ, ಭಾರತೀಯ ಜನಸಂಘಕ್ಕೆ 35. ಹುಟ್ಟಿ ಇನ್ನೂ ಎಂಟು ವರ್ಷ ತುಂಬದ ಪಕ್ಷಕ್ಕೆ ಇದು ದೊಡ್ಡ ಗೆಲುವೇ. ಆದರೆ ನಾಲ್ಕು ವರ್ಷದಲ್ಲಿ ಆ 44 ಎಂಟಕ್ಕಿಳಿಯಿತು. 1974ರಲ್ಲಿ ಪಕ್ಷದ ಹೆಸರೂ ಇಲ್ಲವಾಯಿತು.

ಸರ್ಕಾರ ಜನರ ದುಡಿಮೆಯಲ್ಲಿ ಎಷ್ಟು ಕೈಹಾಕಬೇಕು ಎಂಬ ಪ್ರಶ್ನೆಯನ್ನೇ ಹಿಡಿದುಕೊಂಡು ರಾಷ್ಟ್ರಮಟ್ಟದಲ್ಲಿ ಚುನಾವಣೆಗೆ ನಿಂತ ಭಾರತದ ಮೊದಲ ಪಕ್ಷ ಇದು. ಇದರ ಮಾತು ಗೆದ್ದಿತು, ಪಕ್ಷ ಸೋತಿತು. ಹಾಗೇಕಾಯಿತು ಎಂಬುದನ್ನು ಅರಿಯಲು 1959ಕ್ಕೆ ಹೋಗಬೇಕು.

ನಾಗಪುರದ ನಿರ್ಣಯ

ಆ ವರ್ಷದ ಜನವರಿಯಲ್ಲಿ ನಾಗಪುರದಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನ, ದೇಶದ ಬೇಸಾಯ ಮುಂದೆ ಸಹಕಾರಿ ಪದ್ಧತಿಯಲ್ಲಿ ಒಟ್ಟಾಗಿ ನಡೆಯಬೇಕೆಂದು ನಿರ್ಣಯಿಸಿತು. ಹೊಲದ ಒಡೆತನ ರೈತನದ್ದೇ, ಉಳುಮೆ ಮಾತ್ರ ಎಲ್ಲರದ್ದು ಎಂಬುದು ಅದರ ತಿರುಳು. ಭೂಮಿತಿ, ಧಾನ್ಯ ವ್ಯಾಪಾರದಲ್ಲಿ ಸರ್ಕಾರದ ಪಾತ್ರ ಇವೂ ಜೊತೆಗೆ ಬಂದವು. ಸೋವಿಯತ್ ರಷ್ಯಾದ ಸಾಮೂಹಿಕ ಬೇಸಾಯದ ಕಥೆ ಓದಿಕೊಂಡಿದ್ದವರಿಗೆ ಇದು ಗಾಬರಿ ಹುಟ್ಟಿಸಿತು. ಎರಡು ಎಕರೆಯ ರೈತನಿಗಂತೂ ತನ್ನ ಬದುವೇ ಅಳಿಸಿಹೋಗುವ ಭಯ.

ಅದೇ ವರ್ಷದ ಜೂನ್ 4ರಂದು ಮದ್ರಾಸಿನಲ್ಲಿ ಹೊಸ ಪಕ್ಷದ ಘೋಷಣೆಯಾಯಿತು. ಮುಂದೆ ನಿಂತವರು ಸಿ. ರಾಜಗೋಪಾಲಾಚಾರಿ. ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ ಹುಟ್ಟಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಗಾಂಧೀಜಿಯ ಬೀಗರೂ ಆಗಿ, ದೇಶದ ಮೊದಲ ಭಾರತೀಯ ಗವರ್ನರ್ ಜನರಲ್ ಆಗಿದ್ದ ರಾಜಾಜಿಗೆ ಆಗ 80 ವರ್ಷ. ಭಾರತರತ್ನವೂ ಬಂದಾಗಿತ್ತು. ಮನೆಯಲ್ಲಿ ಕುಳಿತು ರಾಮಾಯಣ ಬರೆದುಕೊಂಡಿರಬಹುದಾದ ವಯಸ್ಸಿನಲ್ಲಿ ಅವರು ಹಳೆಯ ಸ್ನೇಹಿತ ನೆಹರೂ ಎದುರು ಪಕ್ಷ ಕಟ್ಟಿದರು.

ಜೊತೆಗೂಡಿದವರ ಪಟ್ಟಿ ವಿಚಿತ್ರವಾಗಿತ್ತು. ಅಧ್ಯಕ್ಷರಾದ ಎನ್.ಜಿ. ರಂಗಾ ಗುಂಟೂರು ಜಿಲ್ಲೆಯ ರೈತ ಮನೆತನದವರು, ಆಕ್ಸ್‌ಫರ್ಡಿನಲ್ಲಿ ಓದಿ ಬಂದು ರೈತ ಸಂಘಟನೆಗೆ ಇಳಿದವರು. ಪ್ರಧಾನ ಕಾರ್ಯದರ್ಶಿ ಮಿನೂ ಮಸಾನಿ 1934ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷವನ್ನೇ ಹುಟ್ಟುಹಾಕಿದವರಲ್ಲೊಬ್ಬರು. ಸ್ಟಾಲಿನ್ ಆಳ್ವಿಕೆಯನ್ನು ಕಂಡು ಆ ದಾರಿ ಬಿಟ್ಟವರು. ಸಂಸ್ಥಾನಗಳ ವಿಲೀನದಲ್ಲಿ ಸರ್ದಾರ್ ಪಟೇಲರ ಬಲಗೈಯಾಗಿದ್ದು, ನಿವೃತ್ತಿಯ ನಂತರ ಬೆಂಗಳೂರಿನಲ್ಲಿ ನೆಲೆಸಿದ್ದ ವಿ.ಪಿ. ಮೆನನ್ ಕೂಡ ಬಂದರು. ಕೆ.ಎಂ. ಮುನ್ಷಿ ಬಂದರು.

ಪಕ್ಷ 21 ತತ್ವಗಳನ್ನು ಮುಂದಿಟ್ಟಿತು. ಅವುಗಳ ವ್ಯಾಪ್ತಿಗೆ ಸೇರದ ಯಾವ ವಿಷಯದಲ್ಲೂ ಸದಸ್ಯರು ತಮ್ಮ ಅಭಿಪ್ರಾಯದಂತೆ ನಡೆಯಬಹುದು ಎಂದಿತು. ವಿಪ್‌ಗೆ ತಲೆಬಾಗುವುದನ್ನೇ ನಿಷ್ಠೆ ಎಂದುಕೊಂಡ ರಾಜಕಾರಣದಲ್ಲಿ ಇದು ಸಣ್ಣ ಸಂಗತಿಯಲ್ಲ. ರಾಜಾಜಿ ಹಿಂದಿ ಹೇರಿಕೆಯನ್ನು ಕಟುವಾಗಿ ವಿರೋಧಿಸುತ್ತಿದ್ದಾಗ, ಹಿಂದಿಯ ಪರವಾಗಿದ್ದ ಮುನ್ಷಿ ಅದೇ ಪಕ್ಷದಲ್ಲಿ ಉಳಿಯಲು ಸಾಧ್ಯವಾದದ್ದು ಹೀಗೆ.

ಪರ್ಮಿಟ್ ರಾಜ್

'ಪರ್ಮಿಟ್-ಲೈಸೆನ್ಸ್-ಕೋಟಾ ರಾಜ್' ಎಂಬ ಮಾತನ್ನು ದೇಶದ ಬಾಯಿಗೆ ತಂದವರು ರಾಜಾಜಿ. 1951ರ ಕೈಗಾರಿಕಾ ಕಾಯ್ದೆಯ ಪ್ರಕಾರ ನಿಗದಿತ ಉದ್ಯಮಗಳಲ್ಲಿ ಕಾರ್ಖಾನೆ ತೆರೆಯಲು, ಹೊಸ ಸರಕು ತಯಾರಿಸಲು, ಇದ್ದ ಕಾರ್ಖಾನೆಯನ್ನು ದೊಡ್ಡದು ಮಾಡಲು ದಿಲ್ಲಿಯ ಲೈಸೆನ್ಸ್ ಬೇಕಿತ್ತು. ಕೊಳ್ಳುವವರು ಸಾಲಿನಲ್ಲಿ ನಿಂತಿದ್ದರೂ ಪರವಾನಗಿಯಲ್ಲಿ ಬರೆದಷ್ಟನ್ನೇ ತಯಾರಿಸಬೇಕು. ಇದರಿಂದ ಲಾಭ ಪಡೆಯುವವನು ಅಧಿಕಾರಿಯನ್ನು, ಮಂತ್ರಿಯನ್ನು ಬಲ್ಲ ದೊಡ್ಡ ಉದ್ಯಮಿಯೇ ಹೊರತು ಸಣ್ಣವನಲ್ಲ ಎಂಬುದು ರಾಜಾಜಿಯವರ ವಾದ. 'ಸ್ವರಾಜ್ಯ' ವಾರಪತ್ರಿಕೆಯಲ್ಲಿ ಅವರು ಇದನ್ನು ವಾರವಾರವೂ ಬರೆದರು. ಹಳೆಯ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞ ಬಿ.ಆರ್. ಶೆಣೈ 1955ರಲ್ಲೇ ಎರಡನೇ ಪಂಚವಾರ್ಷಿಕ ಯೋಜನೆಗೆ ಭಿನ್ನಮತದ ಟಿಪ್ಪಣಿ ಬರೆದು ಈ ಅಪಾಯದ ಬಗ್ಗೆ ಒಬ್ಬಂಟಿಯಾಗಿ ಎಚ್ಚರಿಸಿದ್ದರು.

ಭೂಮಿಯ ಹಕ್ಕಿನ ಹೋರಾಟಕ್ಕೂ ಕನ್ನಡದ ಗಡಿನಾಡಿಗೂ ನಂಟಿದೆ. ಕಾಸರಗೋಡು ಮತ್ತು ಹೊಸದುರ್ಗ ತಾಲ್ಲೂಕುಗಳ ರೈತವಾರಿ ಜಮೀನುಗಳಿಗೆ, ಎಂದರೆ ರೈತನೇ ಸರ್ಕಾರಕ್ಕೆ ನೇರವಾಗಿ ಕಂದಾಯ ಕಟ್ಟುವ ಜಮೀನುಗಳಿಗೆ, ಕೇರಳದ ಭೂಸುಧಾರಣಾ ಕಾಯ್ದೆ ಅನ್ವಯಿಸದು ಎಂದು 1961ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಸರ್ಕಾರ 1964ರಲ್ಲಿ ಸಂವಿಧಾನಕ್ಕೆ 17ನೇ ತಿದ್ದುಪಡಿ ತಂದು, ರೈತವಾರಿ ಜಮೀನನ್ನೂ 'ಎಸ್ಟೇಟ್' ಎಂದು ಕರೆದು ನ್ಯಾಯಾಲಯದ ರಕ್ಷಣೆಯಿಂದ ಹೊರಗಿಟ್ಟಿತು. ಸ್ವತಂತ್ರ ಪಕ್ಷ ಸದನದ ಒಳಗೂ ಹೊರಗೂ ಇದನ್ನು ಜೋರಾಗಿ ವಿರೋಧಿಸಿತು. ಜಮೀನ್ದಾರನಿಗೂ ಸ್ವಂತ ದುಡಿಯುವ ರೈತನಿಗೂ ಒಂದೇ ಕಾನೂನು ಸಲ್ಲದೆಂಬುದು ಅದರ ನಿಲುವು.

ಮತ ಯಾರದ್ದು?

1962ರ ಮೊದಲ ಚುನಾವಣೆಯಲ್ಲೇ ಪಕ್ಷ 18 ಲೋಕಸಭಾ ಸ್ಥಾನ ಗೆದ್ದಿತು. ಜೈಪುರದಲ್ಲಿ ಮಹಾರಾಣಿ ಗಾಯತ್ರಿ ದೇವಿ ಚಲಾವಣೆಯಾದ ಸುಮಾರು ಎರಡೂವರೆ ಲಕ್ಷ ಮತಗಳಲ್ಲಿ 1.92 ಲಕ್ಷ ಪಡೆದು ಗಿನ್ನೆಸ್ ದಾಖಲೆಗೆ ಸೇರಿದರು. ಬಿಹಾರದಲ್ಲಿ ರಾಮಗಢದ ರಾಜ ತನ್ನ ಅನುಯಾಯಿಗಳ ಸಮೇತ ಬಂದ. ಒಡಿಶಾದಲ್ಲಿ ಮಾಜಿ ಅರಸರ ಗಣತಂತ್ರ ಪರಿಷತ್ ವಿಲೀನವಾಯಿತು. 1967ರಲ್ಲಿ ಅಲ್ಲಿ ಆರ್.ಎನ್. ಸಿಂಗ್ ದೇವ್ ಮುಖ್ಯಮಂತ್ರಿಯೂ ಆದರು.

ಪಕ್ಷದ ಬಲವೂ ದೌರ್ಬಲ್ಯವೂ ಇಲ್ಲೇ ಇತ್ತು. ಜೈಪುರದ ಮತದಾರ ಮಹಾರಾಣಿಗೆ ಓಟು ಹಾಕಿದ್ದ, ಮಸಾನಿಯ ಅರ್ಥಶಾಸ್ತ್ರಕ್ಕಲ್ಲ. ರಾಮಗಢದ ರಾಜ ಕೆಲವೇ ವರ್ಷಗಳಲ್ಲಿ ಪಕ್ಷ ಬಿಟ್ಟಾಗ ಅವನ ಬೆಂಬಲಿಗರೂ ಹಿಂದೆ ಹೋದರು. ಇದು ಜಮೀನ್ದಾರರ, ಅರಮನೆಗಳ ಪಕ್ಷವೆಂಬ ನೆಹರೂ ಟೀಕೆ ಜನರ ಮನಸ್ಸಿನಲ್ಲಿ ನಿಂತುಬಿಟ್ಟಿತು. ಆಸ್ತಿಯ ಹಕ್ಕನ್ನು ಅಷ್ಟು ಗಟ್ಟಿಯಾಗಿ ಕಾಯ್ದ ಪಕ್ಷ, ಗೇಣು ಭೂಮಿಯೂ ಇಲ್ಲದ ಕೂಲಿಯವರಿಗೆ ಏನು ಕೊಡುತ್ತೇನೆಂದು ಮನದಟ್ಟಾಗುವಂತೆ ಹೇಳಲೇ ಇಲ್ಲ. ದೇಶದಲ್ಲಿ ಅವರ ಸಂಖ್ಯೆ ಕೋಟಿಗಟ್ಟಲೆ ಇತ್ತು.

ಬೇರೆ ರೀತಿಯ ನೆಲೆಯೂ ಸಾಧ್ಯವಿತ್ತು. ಗುಜರಾತಿನಲ್ಲಿ ವಲ್ಲಭ ವಿದ್ಯಾನಗರವನ್ನು ಕಟ್ಟಿದ ಎಂಜಿನಿಯರ್ ಭಾಯಿಲಾಲ್ ಭಾಯಿ ಪಟೇಲ್ ಪಾಟೀದಾರ ರೈತರನ್ನೂ ಕ್ಷತ್ರಿಯರನ್ನೂ ಒಂದುಗೂಡಿಸಿ 1967ರಲ್ಲಿ 66 ವಿಧಾನಸಭಾ ಸ್ಥಾನ ತಂದರು. ನಮ್ಮ ಮೈಸೂರು ರಾಜ್ಯದಲ್ಲಿ ಆ ವರ್ಷ ಪಕ್ಷ 27ರಲ್ಲಿ 5 ಲೋಕಸಭಾ ಸ್ಥಾನ, 216ರಲ್ಲಿ 16 ವಿಧಾನಸಭಾ ಸ್ಥಾನ ಗೆದ್ದಿತು. ಚಿತ್ರದುರ್ಗದಿಂದ ಜಗಳೂರಿನ ಜೆ. ಮಹಮ್ಮದ್ ಇಮಾಂ, ಉಡುಪಿಯಿಂದ ನಿವೃತ್ತ ಐಸಿಎಸ್ ಅಧಿಕಾರಿ ಜೆ.ಎಂ. ಲೋಬೋ ಪ್ರಭು ಸಂಸತ್ತಿಗೆ ಹೋದರು.

ಸಂಸತ್ತಿನಲ್ಲಿ ಪಕ್ಷದ ಕೆಲಸ ಮಾದರಿಯಾಗಿತ್ತು. ಬಜೆಟ್ ಮೇಲೆ ಮಸಾನಿ ಮಾತಾಡಲು ಎದ್ದರೆ ಅಂಕಿಅಂಶ ಇಲ್ಲದೆ ಒಂದು ವಾಕ್ಯವೂ ಬರುತ್ತಿರಲಿಲ್ಲ. ಗೋಧ್ರಾದಿಂದ ಗೆದ್ದಿದ್ದ ವಾಸ್ತುಶಿಲ್ಪಿ ಪೀಲೂ ಮೋದಿಯದು ಬೇರೆಯೇ ಶೈಲಿ. ಸರ್ಕಾರ ತನ್ನ ಟೀಕಾಕಾರರನ್ನೆಲ್ಲ ಅಮೆರಿಕದ ಗೂಢಚಾರರೆಂದು ಜರೆಯುತ್ತಿದ್ದ ದಿನಗಳಲ್ಲಿ ಅವರು 'ನಾನು ಸಿಐಎ ಏಜೆಂಟ್' ಎಂಬ ಫಲಕವನ್ನು ಕೊರಳಿಗೆ ಹಾಕಿಕೊಂಡೇ ಸಂಸತ್ತಿಗೆ ಬಂದರು.

ಕುಸಿತ

1969ರಿಂದ ಪೆಟ್ಟಿನ ಮೇಲೆ ಪೆಟ್ಟು. ಕಂಪನಿಗಳು ರಾಜಕೀಯ ಪಕ್ಷಗಳಿಗೆ ದೇಣಿಗೆ ಕೊಡುವುದನ್ನು ಆ ವರ್ಷ ಕಾನೂನು ನಿಷೇಧಿಸಿತು. ಆಳುವ ಪಕ್ಷಕ್ಕೆ ಹಣ ಬರಲು ಬೇರೆ ದಾರಿಗಳಿದ್ದವು; ಚೆಕ್ ಮೂಲಕ ಬಹಿರಂಗ ದೇಣಿಗೆ ನಂಬಿದ್ದ ಸಣ್ಣ ಪಕ್ಷಕ್ಕೆ ಇರಲಿಲ್ಲ. ಜುಲೈನಲ್ಲಿ ಇಂದಿರಾ ಗಾಂಧಿ 14 ಬ್ಯಾಂಕುಗಳನ್ನು ರಾಷ್ಟ್ರೀಕರಿಸಿದರು, ಮರುವರ್ಷ ಮಾಜಿ ಅರಸರಿಗೆ ಸರ್ಕಾರ ಕೊಡುತ್ತಿದ್ದ ರಾಜಧನದ ರದ್ದತಿಗೆ ಕೈಹಾಕಿದರು. ಸ್ವತಂತ್ರ ಪಕ್ಷ ಎರಡನ್ನೂ ವಿರೋಧಿಸಿತು. ರಾಜಧನ ಸಂವಿಧಾನ ಕೊಟ್ಟ ವಚನ, ಅದನ್ನು ಮುರಿಯಬಾರದೆಂಬ ವಾದ ಕಾನೂನಿನಲ್ಲಿ ಸರಿಯಿತ್ತು. ಹಳ್ಳಿಯ ಕಟ್ಟೆಯ ಮೇಲೆ ಅದು ರಾಜರ ಪರ ವಕಾಲತ್ತಾಗಿಯೇ ಕೇಳಿಸಿತು.

1971ರಲ್ಲಿ ಪಕ್ಷ, ಒಡೆದ ಕಾಂಗ್ರೆಸ್ಸಿನ ಇಂದಿರಾ ವಿರೋಧಿ ಬಣವಾದ ಸಂಸ್ಥಾ ಕಾಂಗ್ರೆಸ್, ಜನಸಂಘ, ಸಮಾಜವಾದಿಗಳ ಜೊತೆ ಮಹಾಮೈತ್ರಿಗೆ ಸೇರಿತು. ಆರ್ಥಿಕ ನೀತಿಯಲ್ಲಿ ಒಬ್ಬರಿಗೊಬ್ಬರು ಹೊಂದದ ಈ ಪಕ್ಷಗಳಿಗಿದ್ದ ಸಮಾನ ಕಾರ್ಯಕ್ರಮ ಇಂದಿರಾರನ್ನು ಇಳಿಸುವುದೊಂದೇ. ಇಂದಿರಾ 'ಗರೀಬಿ ಹಟಾವೋ' ಎಂದರು. ಫಲಿತಾಂಶ ಬಂದಾಗ ಇಂದಿರಾ ಕಾಂಗ್ರೆಸ್‌ಗೆ 352, ಸ್ವತಂತ್ರ ಪಕ್ಷಕ್ಕೆ 8. ಮಸಾನಿ ಅಧ್ಯಕ್ಷ ಸ್ಥಾನ ಬಿಟ್ಟರು. 1972ರ ಡಿಸೆಂಬರ್ 25ರಂದು ರಾಜಾಜಿ ತೀರಿಕೊಂಡರು. 1974ರ ಆಗಸ್ಟ್‌ನಲ್ಲಿ ಪೀಲೂ ಮೋದಿ ಪಕ್ಷವನ್ನು ಚರಣ್ ಸಿಂಗ್ ನೇತೃತ್ವದ ಭಾರತೀಯ ಲೋಕದಳದಲ್ಲಿ ವಿಲೀನಗೊಳಿಸಿದರು.

ಮುಂದಿನ ಘಟನೆಗಳು ಇನ್ನಷ್ಟು ನೋವು ತರುವಂಥವು. 1977ರ ಜನತಾ ಸರ್ಕಾರದಲ್ಲಿ ಹಣಕಾಸು ಮಂತ್ರಿಯಾದವರು ಸ್ವತಂತ್ರ ಪಕ್ಷದ ಹಿಂದಿನ ನಾಯಕ ಎಚ್.ಎಂ. ಪಟೇಲ್. ಅದೇ ಸರ್ಕಾರ 44ನೇ ತಿದ್ದುಪಡಿಯ ಮೂಲಕ ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆಯಿತು. 1991ರ ಜುಲೈನಲ್ಲಿ ಕೆಲವೇ ಉದ್ಯಮಗಳನ್ನು ಬಿಟ್ಟು ಉಳಿದೆಲ್ಲಕ್ಕೂ ಲೈಸೆನ್ಸ್ ರದ್ದು ಮಾಡಿದ್ದು ಪಿ.ವಿ. ನರಸಿಂಹ ರಾವ್ ಅವರ ಕಾಂಗ್ರೆಸ್ ಸರ್ಕಾರ. ಖಜಾನೆಯಲ್ಲಿ ವಿದೇಶಿ ವಿನಿಮಯ ಬರಿದಾದ ಮೇಲೆ ಬಂದ ತೀರ್ಮಾನ ಅದು. ಮೂವತ್ತು ವರ್ಷ ಮೊದಲೇ ಆ ಮಾತು ಹೇಳಿದವರನ್ನು ನೆನೆಯುವವರು ಅಂದು ವಿರಳ.

ಮಹಾರಾಷ್ಟ್ರದಲ್ಲಿ ಹಳೆಯ ಕಾರ್ಯಕರ್ತರು 1990ರ ದಶಕದಲ್ಲಿ ಪಕ್ಷವನ್ನು ಮತ್ತೆ ಕಟ್ಟಲು ಹೊರಟಾಗ ಎದುರಾದದ್ದು ಪ್ರಜಾಪ್ರತಿನಿಧಿ ಕಾಯ್ದೆಯ 29ಎ ವಿಧಿ. ನೋಂದಣಿ ಬಯಸುವ ಪ್ರತಿ ಪಕ್ಷವೂ ಸಮಾಜವಾದದ ತತ್ವಕ್ಕೆ ನಿಷ್ಠೆ ಘೋಷಿಸಬೇಕೆಂದು ಅದು ಹೇಳುತ್ತದೆ. ನಂಬದ ಮಾತಿಗೆ ಸಹಿ ಹಾಕಲೊಲ್ಲದೆ ಅವರು ಬಾಂಬೆ ಹೈಕೋರ್ಟ್ ಮೆಟ್ಟಿಲೇರಿದರು. ಆ ವಿಧಿ ಇವತ್ತಿಗೂ ಜಾರಿಯಲ್ಲಿದೆ. ಸಮಾಜವಾದವನ್ನು ಒಪ್ಪದ ನಾಗರಿಕರು ಅದನ್ನು ಬಹಿರಂಗವಾಗಿ ಹೇಳಿ ಪಕ್ಷ ಕಟ್ಟಲು ಅವಕಾಶ ಇರಲೇಬೇಕು. ಸಂಸತ್ತು ಆ ಸಾಲನ್ನು ತೆಗೆದುಹಾಕುವುದಕ್ಕೆ ಒಂದು ಸಣ್ಣ ತಿದ್ದುಪಡಿ ಸಾಕು.