ಅಂತರಿಕ್ಷದ ಗರಡಿಮನೆ

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಮೂತ್ರವನ್ನು ಶುದ್ಧೀಕರಿಸಿ ಕುಡಿಯುವ ನೀರು ಮಾಡುವ ಯಂತ್ರವೊಂದಿದೆ. 2008ರ ನವೆಂಬರ್‌ನಲ್ಲಿ ಎಂಡೆವರ್ ಶಟಲ್ ಅದನ್ನು ಹೊತ್ತೊಯ್ದಿತು. ಮರುವರ್ಷವೇ ಅದು ಕಟ್ಟಿಕೊಂಡು ಕೆಟ್ಟಿತು. ಒಳಗೆ ಸೇರಿಕೊಂಡಿದ್ದು ಕ್ಯಾಲ್ಸಿಯಂ ಸಲ್ಫೇಟಿನ ಗಸಿ. ಮೂತ್ರ ಕೆಡದಿರಲೆಂದು ಗಂಧಕಾಮ್ಲ ಬೆರೆಸುತ್ತಿದ್ದರು, ಸಲ್ಫೇಟು ಅಲ್ಲಿಂದ ಬಂತು. ಕ್ಯಾಲ್ಸಿಯಂ ಮಾತ್ರ ಎಣಿಸಿದ್ದಕ್ಕಿಂತ ಹೆಚ್ಚಿತ್ತು. ಅದು ಗಗನಯಾತ್ರಿಗಳ ಮೂಳೆಯಿಂದ ಕರಗಿ ಬಂದದ್ದು. ನೂರಕ್ಕೆ 85 ಪಾಲು ನೀರು ಕೊಡಬೇಕಿದ್ದ ಯಂತ್ರವನ್ನು ಕೆಲಕಾಲ ಅದಕ್ಕಿಂತ ಕಡಿಮೆಗೆ ಇಳಿಸಿ ಓಡಿಸಿದರು. ಮುಂದೆ ಗಂಧಕಾಮ್ಲದ ಜಾಗಕ್ಕೆ ಫಾಸ್ಫಾರಿಕ್ ಆಮ್ಲ ಬಂತು.

ಯಂತ್ರದ ಕಾಯಿಲೆ ವಾಸಿಯಾಯಿತು, ಮೂಳೆಯದು ಉಳಿಯಿತು. ಅದನ್ನು ಕಾಯಿಲೆ ಎನ್ನುವುದೂ ಅಷ್ಟು ಸರಿಯಲ್ಲ. ನಮ್ಮ ಮೂಳೆ ದಿನವೂ ಒಂದು ಕಡೆ ಕರಗುತ್ತ, ಇನ್ನೊಂದು ಕಡೆ ಕಟ್ಟಿಕೊಳ್ಳುತ್ತ ಇರುತ್ತದೆ. ಕರಗಿಸುವ ಕೋಶಗಳು ಬೇರೆ, ಕಟ್ಟುವ ಕೋಶಗಳು ಬೇರೆ. ಎಲ್ಲಿ ಎಷ್ಟು ಬೇಕೆಂದು ಹೇಳುವುದು ಮೂಳೆಯೊಳಗೇ ಹುದುಗಿ ಕೂತ ಆಸ್ಟಿಯೋಸೈಟ್ ಎಂಬ ಮೂರನೆಯ ಬಗೆಯ ಕೋಶಗಳು. ನಡೆದಾಗ, ಮೆಟ್ಟಿಲು ಹತ್ತಿದಾಗ, ಕೊಡ ಎತ್ತಿದಾಗ ಮೂಳೆ ತುಸುವೇ ತುಸು ಬಾಗುತ್ತದೆ. ಆ ಬಾಗು ಈ ಕೋಶಗಳಿಗೆ ಗೊತ್ತಾಗುತ್ತದೆ. ಭಾರವೇ ಬೀಳದಿದ್ದರೆ ಇಷ್ಟೊಂದು ಮೂಳೆಯನ್ನು ಸಾಕುವುದು ದಂಡ ಎಂದು ಅವು ಕಟ್ಟುವ ಕೆಲಸವನ್ನು ತಡೆಯುತ್ತವೆ, ಕರಗಿಸುವವರಿಗೆ ದಾರಿ ಬಿಡುತ್ತವೆ.

ನಿಲ್ದಾಣ ಹಾರುವ 400 ಕಿ.ಮೀ. ಎತ್ತರದಲ್ಲಿ ಗುರುತ್ವ ಇಲ್ಲವೆಂದು ಅನೇಕರು ನಂಬಿದ್ದಾರೆ. ಇದೆ, ಇಲ್ಲಿಯ ಶೇ 90ರಷ್ಟು. ಆದರೆ ನಿಲ್ದಾಣವೂ ಅದರೊಳಗಿನವರೂ ಒಟ್ಟಿಗೇ ಭೂಮಿಯ ಸುತ್ತ ಬೀಳುತ್ತಲೇ ಇರುವುದರಿಂದ ಯಾರ ಪಾದವನ್ನೂ ನೆಲ ಒತ್ತುವುದಿಲ್ಲ. ದೇಹಕ್ಕೆ ಅಷ್ಟೇ ಸಾಕು. ಸೊಂಟ, ತೊಡೆ, ಬೆನ್ನೆಲುಬಿನ ಕೆಳಭಾಗದ ಮೂಳೆಗಳು ತಿಂಗಳಿಗೆ ಶೇ 1ರಿಂದ 1.5ರಷ್ಟು ಸಾಂದ್ರತೆ ಕಳೆದುಕೊಳ್ಳುತ್ತವೆ. ಮುಟ್ಟು ನಿಂತ ಹೆಂಗಸರಿಗೆ ಹೆಚ್ಚುಕಡಿಮೆ ಇಷ್ಟು ಸವೆಯಲು ಒಂದು ವರ್ಷ ಬೇಕು. ಕೈಯ ಮೂಳೆಗೆ ಹೇಳಿಕೊಳ್ಳುವಂಥ ನಷ್ಟವಿಲ್ಲ. ಇಲ್ಲಿ ಯಾವುದು ಮೈಭಾರ ಹೊರುತ್ತಿತ್ತೋ ಅದಕ್ಕೇ ಪೆಟ್ಟು. ಇದೇ ಲೆಕ್ಕಕ್ಕೆ ಸಿಗದ ಪ್ರಾಣಿಯೊಂದಿದೆ, ಕರಿಕರಡಿ. ಚಳಿಗಾಲದ ತಿಂಗಳುಗಳನ್ನೆಲ್ಲ ಗುಹೆಯಲ್ಲಿ ಮಲಗಿಯೇ ಕಳೆದು, ಮೂಳೆ ಎಳ್ಳಷ್ಟೂ ಸವೆಯದೆ ಎದ್ದು ಬರುತ್ತದೆ. ವಿಜ್ಞಾನಿಗಳಿಗೆ ಅದರ ಮೇಲೆ ಹೊಟ್ಟೆಕಿಚ್ಚಿದ್ದರೆ ಆಶ್ಚರ್ಯವಿಲ್ಲ.

ಸ್ನಾಯುಗಳ ಪಾಡು ಇನ್ನೂ ಬೇಗ ಕಣ್ಣಿಗೆ ಬೀಳುತ್ತದೆ. 1970ರ ಜೂನ್‌ನಲ್ಲಿ ಸೋವಿಯತ್ ಯಾತ್ರಿಗಳಾದ ಆಂಡ್ರಿಯಾನ್ ನಿಕೊಲಾಯೆವ್ ಮತ್ತು ವಿಟಾಲಿ ಸೆವಾಸ್ತ್ಯಾನೊವ್ ಸೊಯುಜ್-9ರ ಇಕ್ಕಟ್ಟಿನಲ್ಲಿ ಸುಮಾರು 18 ದಿನ ಕಳೆದು ಇಳಿದಾಗ ಅವರಿಗೆ ಎದ್ದು ನಡೆಯಲಾಗಲಿಲ್ಲ. ಇಬ್ಬರನ್ನೂ ಹೊತ್ತು ತರಬೇಕಾಯಿತು. ಆ ಭಯದಿಂದಲೇ ಮುಂದಿನ ಸೋವಿಯತ್ ನಿಲ್ದಾಣಗಳಿಗೆ ಟ್ರೆಡ್‌ಮಿಲ್ ಹೋಯಿತು, ಮೈಯನ್ನು ಸದಾ ಬಿಗಿದು ಜಗ್ಗುವ ರಬ್ಬರ್ ಪಟ್ಟಿಗಳ ‘ಪೆಂಗ್ವಿನ್’ ಉಡುಪೂ ಬಂತು.

ಟ್ರೆಡ್‌ಮಿಲ್ ಎಂದರೆ ಅಲ್ಲಿ ಸುಮ್ಮನೆ ಹತ್ತಿ ಓಡುವುದಲ್ಲ. ಹೆಗಲಿಗೂ ಸೊಂಟಕ್ಕೂ ಪಟ್ಟಿ ಬಿಗಿದು, ಅದನ್ನು ಎಳೆಹಗ್ಗಗಳಿಂದ ಕೆಳಕ್ಕೆ ಕಟ್ಟದಿದ್ದರೆ ಮೊದಲ ಹೆಜ್ಜೆಗೇ ಮೇಲಕ್ಕೆ ತೇಲಿ ಹೋಗುತ್ತಾರೆ. ಹೀಗೆ ಕಟ್ಟಿಸಿಕೊಂಡೇ ಗಗನಯಾತ್ರಿ ಸುನಿತಾ ವಿಲಿಯಮ್ಸ್ 2007ರ ಏಪ್ರಿಲ್‌ನಲ್ಲಿ ಅಂತರರಾಷ್ಟ್ರೀಯ ನಿಲ್ದಾಣದಲ್ಲಿ ಬಾಸ್ಟನ್ ಮ್ಯಾರಥಾನ್‌ನ ಪೂರ್ತಿ ದೂರವನ್ನು 4 ಗಂಟೆ 24 ನಿಮಿಷದಲ್ಲಿ ಓಡಿದರು.

ಓಟ ಹೃದಯಕ್ಕೆ ಒಳ್ಳೆಯದು, ಮೂಳೆಗೆ ಅಷ್ಟು ಸಾಲದು. ನಿಲ್ದಾಣದಲ್ಲಿ ಮೊದಲಿದ್ದ ವ್ಯಾಯಾಮ ಯಂತ್ರದಲ್ಲಿ ಹೆಚ್ಚೆಂದರೆ 136 ಕೆ.ಜಿ. ಭಾರ ಹೇರಬಹುದಿತ್ತು. ಆ ಕಾಲದಲ್ಲಿ ಆರು ತಿಂಗಳು ಇದ್ದು ಬಂದ ಒಂಬತ್ತು ಮಂದಿಯನ್ನು ಪರೀಕ್ಷಿಸಿದಾಗ, ದಿನವೂ ಕಸರತ್ತು ಮಾಡಿದ್ದರೂ ಮೀನಖಂಡದ ಗಾತ್ರ ಶೇ 13ರಷ್ಟು, ಅದರ ಕಸುವು ಶೇ 32ರಷ್ಟು ಇಳಿದಿತ್ತು. 136 ಕೆ.ಜಿ. ಎಂದರೆ ಕಡಿಮೆಯೇ ಎಂದು ಕೇಳಬಹುದು. ಇಲ್ಲಿ ಗರಡಿಯಲ್ಲಿ 70 ಕೆ.ಜಿ. ತೂಕದ ಪೈಲ್ವಾನ 80 ಕೆ.ಜಿ. ಹೊತ್ತು ಬಸ್ಕಿ ಹೊಡೆದರೆ ಅವನ ಕಾಲು ಎತ್ತುವುದು ಹತ್ತಿರ ಹತ್ತಿರ 150 ಕೆ.ಜಿ. ಅಲ್ಲಿ ಮೈತೂಕವೇ ಸೊನ್ನೆ. ಆ ಪಾಲನ್ನೂ ಯಂತ್ರವೇ ತುಂಬಿಕೊಡಬೇಕು.

ಮೂತ್ರದ ಯಂತ್ರ ಹೋದ ಅದೇ ಎಂಡೆವರ್‌ನಲ್ಲಿ ಇದಕ್ಕೂ ಉತ್ತರ ಹೋಗಿತ್ತು. ‘ಎರೆಡ್’ ಎಂದು ಕರೆಯುವ ಈ ಯಂತ್ರದಲ್ಲಿ ಕಬ್ಬಿಣದ ಬಿಲ್ಲೆಗಳಿಲ್ಲ. ತೂಕವಿಲ್ಲದ ಕಡೆ ಕಬ್ಬಿಣ ಒಯ್ದು ಏನು ಪ್ರಯೋಜನ? ಬದಲಿಗೆ ಗಾಳಿ ತೆಗೆದ ಎರಡು ಸಿಲಿಂಡರ್‌ಗಳಿವೆ. ಸಿರಿಂಜಿನ ಬಾಯಿಯನ್ನು ಬೆರಳಿನಿಂದ ಮುಚ್ಚಿ ಹಿಡಿಯನ್ನು ಎಳೆದರೆ ಅದು ಹಿಂದಕ್ಕೆ ಜಗ್ಗುತ್ತದಲ್ಲ, ಆ ಜಗ್ಗಾಟವೇ ಇಲ್ಲಿ ಭಾರ. 272 ಕೆ.ಜಿ.ವರೆಗೂ ಏರಿಸಬಹುದು. ನಿಜವಾದ ಭಾರವನ್ನು ಎತ್ತುವಾಗ ಮೊದಲು ಅಲುಗಿಸುವುದಕ್ಕೂ ಕೊನೆಗೆ ನಿಲ್ಲಿಸುವುದಕ್ಕೂ ಬೇಕಾಗುವ ಜೋರು ಬೇರೆಯೇ. ಅದನ್ನು ತೋರಿಸಲು ಜೊತೆಗೆ ತಿರುಗುಚಕ್ರಗಳಿವೆ. ಒಬ್ಬರು ಬಸ್ಕಿ ಹೊಡೆದರೆ ಇಡೀ ನಿಲ್ದಾಣ ಕಂಪಿಸಬಾರದೆಂದು ಯಂತ್ರವನ್ನು ಗೋಡೆಗೆ ಬಿಗಿಯಾಗಿ ಕಚ್ಚಿಸದೆ, ಅದುರು ಹೀರುವ ಏರ್ಪಾಡಿನ ಮೇಲೆ ಕೂರಿಸಿದ್ದಾರೆ. ದಿನದಲ್ಲಿ ಸುಮಾರು ಎರಡೂವರೆ ಗಂಟೆ ವ್ಯಾಯಾಮಕ್ಕೇ ಮೀಸಲು.

ಫಲ ಸಿಕ್ಕಿತೇ? ಬಹುಮಟ್ಟಿಗೆ. ಎರೆಡ್ ಬಳಸಿ, ಹೊಟ್ಟೆ ತುಂಬ ಉಂಡು, ವಿಟಮಿನ್ ಡಿ ಕಡಿಮೆಯಾಗದಂತೆ ನೋಡಿಕೊಂಡವರು ಮೂಳೆಯ ಸಾಂದ್ರತೆಯನ್ನು ಹೆಚ್ಚುಕಡಿಮೆ ಉಳಿಸಿಕೊಂಡು ಬಂದರೆಂದು 2012ರಲ್ಲಿ ನಾಸಾ ವಿಜ್ಞಾನಿಗಳು ವರದಿ ಮಾಡಿದರು. ಆದರೆ ಅದೇ ವರದಿಯಲ್ಲಿ ಒಂದು ಕೊಕ್ಕೆಯಿತ್ತು. ಮೂಳೆ ಕರಗುವುದು ನಿಂತಿರಲಿಲ್ಲ. ಕಟ್ಟುವುದು ಹೆಚ್ಚಿತ್ತು ಅಷ್ಟೇ. ಮೊತ್ತ ಸರಿಹೋದರೂ ಒಳಗಿನ ಕಟ್ಟಡ ಮೊದಲಿನಂತೆಯೇ ಇರಬೇಕೆಂದಿಲ್ಲ. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದವರು 17 ಯಾತ್ರಿಗಳ ಮೂಳೆಯನ್ನು ಸೂಕ್ಷ್ಮ ಸ್ಕ್ಯಾನಿನಲ್ಲಿ ನೋಡಿ 2022ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳಿತು. ಮರಳಿ ಒಂದು ವರ್ಷವಾದರೂ ಹೆಚ್ಚಿನವರ ಮೊಣಕಾಲ ಕೆಳಗಿನ ಮೂಳೆ ಪೂರ್ತಿ ಚೇತರಿಸಿಕೊಂಡಿರಲಿಲ್ಲ. ಮೂಳೆಯೊಳಗಿನ ಜಾಲರಿಯ ಎಳೆಗಳು ಕಡಿದುಹೋದರೆ ಮತ್ತೆ ಬೆಸೆಯುವುದಿಲ್ಲ. ಉಳಿದ ಎಳೆಗಳೇ ದಪ್ಪಗಾಗಿ ಹೇಗೋ ಸಂಭಾಳಿಸುತ್ತವೆ.

ಸ್ನಾಯುವಿನ ಒಗಟಿನಲ್ಲಿ ಬೆಂಗಳೂರಿಗೂ ಒಂದು ಪಾಲಿದೆ. ಬಾಹ್ಯಾಕಾಶದಲ್ಲಿ ಸ್ನಾಯುಕೋಶಗಳು ಹೊಸದಾಗಿ ಬೆಳೆಯಲು ಯಾಕೆ ಹಿಂಜರಿಯುತ್ತವೆ, ಪೂರಕ ಆಹಾರಾಂಶ ಕೊಟ್ಟರೆ ಸರಿಹೋಗುವುದೇ ಎಂದು ಕೇಳುವ ಪ್ರಯೋಗವೊಂದನ್ನು ಇಲ್ಲಿಯ ಕಾಂಡಕೋಶ ಸಂಶೋಧನಾ ಸಂಸ್ಥೆ ‘ಇನ್‌ಸ್ಟೆಮ್’ ರೂಪಿಸಿತ್ತು. 2025ರಲ್ಲಿ ಗಗನಯಾತ್ರಿ ಶುಭಾಂಶು ಶುಕ್ಲಾ ನಿಲ್ದಾಣದಲ್ಲಿ ಅದನ್ನು ತಮ್ಮ ಕೈಯಾರೆ ನಡೆಸಿದರು.

ನಿಲ್ದಾಣದಿಂದ ಮರಳುವವರನ್ನು ನೌಕೆಯಿಂದ ಎತ್ತಿ ಕುರ್ಚಿಯಲ್ಲಿ ಕೂರಿಸಲು ಇಲ್ಲಿ ಜನ ಕಾದಿರುತ್ತಾರೆ. ಆರೇಳು ತಿಂಗಳು ತೇಲಿ ಮಂಗಳಕ್ಕೆ ಹೋಗುವವರು ತಾವೇ ಎದ್ದು ಕೆಲಸ ಶುರುಮಾಡಬೇಕು. ಎರೆಡ್‌ನಂಥ ದೊಡ್ಡ ಯಂತ್ರಕ್ಕೆ ಚಿಕ್ಕ ನೌಕೆಯಲ್ಲಿ ಜಾಗವೂ ಇರದು. ಚಂದ್ರನತ್ತ ಹೋಗುವ ಓರಿಯಾನ್ ನೌಕೆಗೆ ಸುಮಾರು 14 ಕೆ.ಜಿ.ಯ ತಿರುಗುಚಕ್ರದ ಯಂತ್ರವನ್ನಷ್ಟೇ ಮಾಡಿದ್ದಾರೆ. ಮಂಗಳದ ಗುರುತ್ವ ಇಲ್ಲಿಯ ಶೇ 38. ಮೂಳೆಗೆ ಅಷ್ಟು ಸಾಕೇ? ಸೊನ್ನೆಗೂ ಇಲ್ಲಿಯ ಪೂರ್ತಿ ಗುರುತ್ವಕ್ಕೂ ನಡುವಿನ ಸ್ಥಿತಿಯಲ್ಲಿ ಮನುಷ್ಯ ಅತಿ ಹೆಚ್ಚು ಕಾಲ ಉಳಿದದ್ದು 1972ರ ಡಿಸೆಂಬರ್‌ನಲ್ಲಿ, ಅಪೊಲೊ-17ರ ಇಬ್ಬರು ಚಂದ್ರನ ಮೇಲಿದ್ದಾಗ. ಒಟ್ಟು ಸುಮಾರು 75 ಗಂಟೆ.